ಕಷ್ಟ ಕೇಳುವ ಕೆಲಸ: ಬೆಂಗಳೂರಿನಲ್ಲಿ ಆಪ್ತಸಮಾಲೋಚಕರಾಗಲು ಹೊರಟವರಿಗೆ

"ಮೇಡಂ, ಚಿಕ್ಕಂದಿನಿಂದ್ಲೂ ಎಲ್ಲರೂ ಅವರ ಕಷ್ಟ ನನ್ನ ಹತ್ರಾನೇ ಹೇಳ್ಕೊಳ್ತಾರೆ. ನಾನು ಕೌನ್ಸೆಲರ್ ಆಗಬಹುದಾ?"

ತಿಂಗಳಿಗೆ ಒಂದಿಬ್ಬರಾದರೂ ನನ್ನನ್ನು ಹೀಗೆ ಕೇಳುತ್ತಾರೆ. ಬಿ.ಎ. ಮುಗಿಸಿದ ಹುಡುಗಿಯರು, ಮಕ್ಕಳು ದೊಡ್ಡವರಾದ ಮೇಲೆ ಏನಾದರೂ ಮಾಡಬೇಕು ಅನ್ನುವ ಗೃಹಿಣಿಯರು, ಐಟಿ ಕೆಲಸ ಸಾಕೆನಿಸಿದವರು, ನಿವೃತ್ತ ಮೇಷ್ಟ್ರುಗಳು. ನಾನೂ ಹದಿಮೂರು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿ ಆಮೇಲೆ ಈ ದಾರಿಗೆ ಬಂದವಳು. ಹಾಗಾಗಿ ಆಗಬಹುದು ಎಂದೇ ಹೇಳುತ್ತೇನೆ. ಆದರೆ ಕಷ್ಟ ಕೇಳುವ ಸ್ವಭಾವ ಇದ್ದ ಮಾತ್ರಕ್ಕೆ ಕಸುಬು ಕೈಗೆ ಬರುವುದಿಲ್ಲ. ಬೆಂಗಳೂರಿನಲ್ಲಿ ಇನ್ನೊಂದು ತೊಡಕೂ ಇದೆ. ಕಾಲೇಜುಗಳಲ್ಲಿ ಇದನ್ನು ಹೆಚ್ಚಾಗಿ ಇಂಗ್ಲಿಷಿನಲ್ಲೇ ಕಲಿಸುತ್ತಾರೆ. ಎದುರು ಕೂತು ಕಣ್ಣೊರೆಸಿಕೊಳ್ಳುವವರು ಮಾತಾಡುವುದು ಕನ್ನಡದಲ್ಲಿ. ಕಲಿತ ವಿದ್ಯೆಯನ್ನು ನಮ್ಮ ಭಾಷೆಯಲ್ಲಿ ಮತ್ತೊಮ್ಮೆ ಕಲಿಯಬೇಕಾಗುತ್ತದೆ. ಇದನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು: ಯಾರ ಕೆಲಸ ಯಾವುದು ಎಂದು ತಿಳಿಯಿರಿ

ಮನೋವೈದ್ಯರು ಎಂ.ಬಿ.ಬಿ.ಎಸ್. ಆದ ಮೇಲೆ ಮನೋವೈದ್ಯಶಾಸ್ತ್ರದಲ್ಲಿ ಎಂ.ಡಿ.ಯಂಥ ಸ್ನಾತಕೋತ್ತರ ಓದು ಮುಗಿಸಿದವರು. ಮಾತ್ರೆ ಬರೆಯುವವರು ಅವರು. ಕ್ಲಿನಿಕಲ್ ಸೈಕಾಲಜಿಸ್ಟ್ ಅಂದರೆ ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ, ಮಾನ್ಯ ಮಾಡಿದ ತರಬೇತಿ ಪಡೆದು ಅಲ್ಲಿ ಹೆಸರು ನೋಂದಾಯಿಸಿದವರು. ಕಾಯಿಲೆಯ ಅಂದಾಜು, ಬುದ್ಧಿಮತ್ತೆಯ ಪರೀಕ್ಷೆ, ಗಂಭೀರ ತೊಂದರೆಗಳಿಗೆ ಮನೋಚಿಕಿತ್ಸೆ ಅವರ ಕ್ಷೇತ್ರ. ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್ ಸಮಾಜಕಾರ್ಯ ಓದಿ ರೋಗಿಯ ಮನೆ, ಕೆಲಸ, ಊರು ಇವುಗಳ ಜೊತೆ ವ್ಯವಹರಿಸುತ್ತಾರೆ.

ಆಪ್ತಸಮಾಲೋಚಕರದ್ದು ಬದುಕಿನ ಇಕ್ಕಟ್ಟುಗಳು. ಪರೀಕ್ಷೆಯ ಭಯ, ಗಂಡ ಹೆಂಡಿರ ಮನಸ್ತಾಪ, ಸಾವಿನ ದುಃಖ, ಕೆಲಸ ಹೋದ ಆಘಾತ, ಮನೆಯಲ್ಲೊಬ್ಬರ ಕುಡಿತ, ತೀರ್ಮಾನಕ್ಕೆ ಬರಲಾರದೆ ಒದ್ದಾಡುವ ದಿನಗಳು. ನೀವು ಕಾಯಿಲೆಗೆ ಹೆಸರಿಡುವಂತಿಲ್ಲ. "ಆ ಮಾತ್ರೆ ಬಿಟ್ಟುಬಿಡಿ, ಮಾತಲ್ಲೇ ಸರಿ ಮಾಡೋಣ" ಎಂದು ಎಂದೂ ಅನ್ನಬಾರದು. ಯಾರಿಗೂ ಕೇಳದ ದನಿ ತಮಗೆ ಕೇಳಿಸುತ್ತಿದೆ ಎನ್ನುವವರು, ವಾರಗಟ್ಟಲೆ ನಿದ್ದೆ ಬಿಟ್ಟವರು, ಹೆರಿಗೆಯಾದ ಮೇಲೆ ಮಗುವನ್ನು ಮುಟ್ಟದೆ ಮೂಲೆ ಹಿಡಿದವರು ಬಂದರೆ ಮೊದಲು ಮನೋವೈದ್ಯರ ಬಳಿ ಕಳಿಸಬೇಕು. ಹೊಸೂರು ರಸ್ತೆಯ ನಿಮ್ಹಾನ್ಸ್ ಹತ್ತಿರವಿರುವ ಊರಿನಲ್ಲಿ ನಾವಿದ್ದೇವೆ. ಅಲ್ಲಿನ ತುರ್ತು ಚಿಕಿತ್ಸಾ ವಿಭಾಗ ಹಗಲು ರಾತ್ರಿ ತೆರೆದಿರುತ್ತದೆ.

ಕಾನೂನಿನ ಮಾತೂ ಸ್ವಲ್ಪ. ಅಲೈಡ್ ಅಂಡ್ ಹೆಲ್ತ್‌ಕೇರ್ ವೃತ್ತಿಗಳ, ಅಂದರೆ ವೈದ್ಯರ ಜೊತೆ ದುಡಿಯುವ ಇತರ ಆರೋಗ್ಯ ವೃತ್ತಿಗಳ, ರಾಷ್ಟ್ರೀಯ ಆಯೋಗಕ್ಕಾಗಿ 2021ರಲ್ಲಿ ಬಂದ ಕಾಯ್ದೆಯ ಅನುಸೂಚಿಯಲ್ಲಿ ಕೌನ್ಸೆಲರ್‌ಗಳ ಹಲವು ಬಗೆಗಳನ್ನು ಸೇರಿಸಲಾಗಿದೆ. ಇಷ್ಟು ಕಾಲ ಯಾರು ಬೇಕಾದರೂ ಬೋರ್ಡು ಹಾಕಬಹುದಿತ್ತು ಎನ್ನುವ ಪರಿಸ್ಥಿತಿ ಬದಲಾಗಲೇಬೇಕು. ಇವತ್ತು ಓದು ಆರಂಭಿಸುವವರು ಸರಿಯಾದ ಸ್ನಾತಕೋತ್ತರ ಪದವಿಯನ್ನೇ ಹಿಡಿಯಲಿ ಎಂಬುದು ನನ್ನ ಸಲಹೆ.

ಫೀಸು ಕಟ್ಟುವ ಮುಂಚೆ ಒಂದು ಪರೀಕ್ಷೆ

ಮನೆಯವರನ್ನೋ ಗೆಳತಿಯನ್ನೋ ಕೂರಿಸಿಕೊಂಡು ಹದಿನೈದು ನಿಮಿಷ ಅವರ ಮಾತು ಕೇಳಿ. ನಿಯಮಗಳು ಇಷ್ಟೇ. ಸಲಹೆ ಕೊಡಬಾರದು. "ನಮ್ಮನೇಲೂ ಹೀಗೇ ಆಗಿತ್ತು" ಎಂದು ನಿಮ್ಮ ಕಥೆ ತೆಗೆಯಬಾರದು. "ಹೋಗ್ಲಿ ಬಿಡಿ", "ಎಲ್ಲಾ ಸರಿಹೋಗುತ್ತೆ", "ದೇವರಿದ್ದಾನೆ" ಅನ್ನಬಾರದು. ಅವರು ಸುಮ್ಮನಾದರೆ ನೀವೂ ಸುಮ್ಮನಿರಬೇಕು.

ಐದನೇ ನಿಮಿಷಕ್ಕೆ ನಾಲಿಗೆ ತುದಿಗೆ ಸಲಹೆ ಬಂದು ನಿಲ್ಲುತ್ತದೆ. ಅದು ತಪ್ಪಲ್ಲ, ನಾವು ಬೆಳೆದದ್ದೇ ಹಾಗೆ. ನಮ್ಮಲ್ಲಿ ಹಿರಿಯರು ಬುದ್ಧಿ ಹೇಳುತ್ತಾರೆ, ಕಿರಿಯರು ತಲೆಯಾಡಿಸುತ್ತಾರೆ. ಟೀಚರಾಗಿದ್ದ ನನಗಂತೂ ಈ ಅಭ್ಯಾಸ ಬಿಡಿಸಿಕೊಳ್ಳಲು ಒಂದು ವರ್ಷಕ್ಕೂ ಹೆಚ್ಚು ಹಿಡಿಯಿತು. ಕೌನ್ಸೆಲಿಂಗ್ ಅಂದರೆ ಬುದ್ಧಿ ಹೇಳುವುದು ಎಂದು ಅನೇಕ ತಂದೆತಾಯಿಯರು ಇವತ್ತಿಗೂ ತಿಳಿದಿದ್ದಾರೆ. "ನಮ್ಮ ಹುಡುಗನಿಗೆ ಸ್ವಲ್ಪ ಬುದ್ಧಿ ಹೇಳಿ ಮೇಡಂ" ಎಂದೇ ಕರೆದುಕೊಂಡು ಬರುತ್ತಾರೆ. ಆ ಹುಡುಗ ಅಷ್ಟರಲ್ಲಾಗಲೇ ಹತ್ತು ಜನರಿಂದ ಬುದ್ಧಿ ಹೇಳಿಸಿಕೊಂಡಿರುತ್ತಾನೆ. ಹನ್ನೊಂದನೆಯವರಾಗಿ ನೀವೂ ಹೇಳಿದರೆ ಅವನು ಇನ್ನೊಮ್ಮೆ ಬರುವುದಿಲ್ಲ.

ಇನ್ನೊಂದು ವಿಷಯವನ್ನೂ ನಿಮ್ಮೊಳಗೆ ನೋಡಿಕೊಳ್ಳಿ. ಈಚೆಗಷ್ಟೇ ದೊಡ್ಡ ನೋವು ಕಂಡಿದ್ದರೆ, ಮನೆಯಲ್ಲಿ ಸಾವಾಗಿದ್ದರೆ, ಮದುವೆ ಮುರಿದಿದ್ದರೆ, ಒಂದಷ್ಟು ದಿನ ತಡೆಯಿರಿ. ನೀವೇ ಒಬ್ಬ ಆಪ್ತಸಮಾಲೋಚಕರ ಬಳಿ ಹೋಗಿ ಕೂತು ಬನ್ನಿ. ಆ ಕುರ್ಚಿಯಲ್ಲಿ ಕೂತಾಗ ಬಾಯಿ ಒಣಗುವುದು ಹೇಗಿರುತ್ತದೆ ಎಂಬ ಅರಿವು ಆಮೇಲೆ ನಿಮಗೆ ಬೇಕಾಗುತ್ತದೆ.

ಎಲ್ಲಿ ಓದುವುದು, ಏನು ಕೇಳಿ ಸೇರುವುದು

ಸಾಮಾನ್ಯ ದಾರಿ ಹೀಗಿದೆ: ಮನಃಶಾಸ್ತ್ರ ಒಂದು ವಿಷಯವಾಗಿರುವ ಪದವಿ, ಆಮೇಲೆ ಎರಡು ವರ್ಷದ ಎಂ.ಎಸ್ಸಿ. ಅಥವಾ ಎಂ.ಎ. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದಲ್ಲಿ ಮನಃಶಾಸ್ತ್ರ ವಿಭಾಗವಿದೆ. ಕ್ರೈಸ್ಟ್ ವಿಶ್ವವಿದ್ಯಾಲಯ ಮತ್ತು ಇಂದಿರಾನಗರದ ಮಾಂಟ್‌ಫೋರ್ಟ್ ಕಾಲೇಜು ಸಮಾಲೋಚನಾ ಮನಃಶಾಸ್ತ್ರಕ್ಕೆ ಹೆಸರಾದವು. ಕೆಲಸ ಬಿಡಲಾಗದವರಿಗೆ, ಊರಲ್ಲಿದ್ದೇ ಓದುವವರಿಗೆ 2025ರವರೆಗೆ ಇಗ್ನೋದ ದೂರಶಿಕ್ಷಣವಿತ್ತು, ಈಗ ಮನಃಶಾಸ್ತ್ರಕ್ಕೆ ಹೊಸದಾಗಿ ಸೇರುವವರಿಗೆ ಆ ದಾರಿ ಇಲ್ಲ. ಎಂ.ಎಸ್.ಡಬ್ಲ್ಯೂ., ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಮಾಡಿ ಈ ಕೆಲಸಕ್ಕೆ ಬಂದವರೂ ಬಹಳ ಜನ ಇದ್ದಾರೆ. ಅವರಿಗೆ ಮನೆ ಮನೆ ಓಡಾಡಿದ ಅನುಭವ ಇರುವುದರಿಂದ ನಮಗಿಂತ ಬೇಗ ನೆಲಕ್ಕೆ ಕಾಲೂರುತ್ತಾರೆ.

ಕಾಲೇಜಿನ ಹೆಸರಿಗಿಂತ ಮುಖ್ಯವಾದ ಪ್ರಶ್ನೆಗಳಿವೆ, ಪ್ರವೇಶ ಪಡೆಯುವ ಮುಂಚೆ ಕೇಳಿಬಿಡಿ. ನಿಜವಾದ ಜನರ ಜೊತೆ ಎಷ್ಟು ಗಂಟೆ ಕೂರಿಸುತ್ತೀರಿ? ಯಾವ ಆಸ್ಪತ್ರೆ, ಯಾವ ಶಾಲೆ, ಯಾವ ಸಂಸ್ಥೆಗೆ ಕಳಿಸುತ್ತೀರಿ? ನನ್ನ ಸೆಷನ್‌ಗಳನ್ನು ವಾರಕ್ಕೊಮ್ಮೆ ಕೂತು ತಿದ್ದುವ ಮೇಲ್ವಿಚಾರಕರು ಯಾರು, ಅವರು ಸ್ವತಃ ಈಗಲೂ ಜನರನ್ನು ನೋಡುತ್ತಾರಾ? ಇವಕ್ಕೆ ನೇರ ಉತ್ತರ ಬಾರದಿದ್ದರೆ ಅಲ್ಲಿ ಸೇರಬೇಡಿ. ಎರಡು ಶನಿವಾರ ಭಾನುವಾರಗಳಲ್ಲಿ ಮುಗಿಯುವ ಸರ್ಟಿಫಿಕೇಟ್ ಕೋರ್ಸುಗಳು ಫೋನಿನ ಜಾಹೀರಾತಿನಲ್ಲಿ ದಿನಾ ಬರುತ್ತವೆ. ಅವುಗಳಿಂದ ನೀವು ಒಳ್ಳೆಯ ಕೇಳುಗರಾಗಬಹುದು, ಅಷ್ಟಕ್ಕೆ ಅವು ಸರಿ. ಅದನ್ನು ಗೋಡೆಗೆ ನೇತುಹಾಕಿ ಹಣ ಪಡೆದು ಜನರನ್ನು ನೋಡುವುದು ಮಾತ್ರ ಅನ್ಯಾಯ. ಎದುರಿನವರು ತಮ್ಮ ಜೀವನದ ಅತಿ ಕೆಟ್ಟ ವಾರದಲ್ಲಿ ನಿಮ್ಮನ್ನು ನಂಬಿ ಬಂದಿರುತ್ತಾರೆ.

ತರಬೇತಿಯ ತಿರುಳು: ಬರೆದು ನೋಡುವುದು

ತರಗತಿಯ ಪಾಠದಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಬರುತ್ತಾರೆ. ಸಹಾನುಭೂತಿ, ಷರತ್ತಿಲ್ಲದ ಗೌರವ, ಒಳಗೂ ಹೊರಗೂ ಒಂದೇ ಆಗಿರುವುದು ಎಂದು ಅವರು 1957ರಲ್ಲಿ ಮಂಡಿಸಿದ ವಿಚಾರ ಇವತ್ತಿಗೂ ಮೊದಲ ಪಾಠ. ಮನೋವೈದ್ಯ ಆರನ್ ಬೆಕ್ ಅವರ ವಿಧಾನ, ಯೋಚನೆ, ಭಾವನೆ, ವರ್ತನೆ ಒಂದನ್ನೊಂದು ಎಳೆಯುವ ಬಗೆ, ಅದೂ ಬರುತ್ತದೆ. ಇವು ಪುಸ್ತಕದಲ್ಲಿ ಸಿಗುತ್ತವೆ, ಓದಿಕೊಳ್ಳಬಹುದು.

ಕಸುಬು ಕಲಿಸುವುದು ಮಾತ್ರ ವರ್ಬೇಟಮ್. ಸೆಷನ್ ಮುಗಿದ ಕೂಡಲೇ, ಅಥವಾ ಬಂದವರ ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿಕೊಂಡಿದ್ದರೆ ಅದನ್ನು ಕೇಳುತ್ತಾ, ಅವರು ಏನಂದರು, ನೀವು ಏನಂದಿರಿ ಎಂದು ಮಾತಿಗೆ ಮಾತು ಬರೆಯಬೇಕು. ನನ್ನ ಮೊದಲ ವರ್ಬೇಟಮ್‌ನ ಒಂದು ತುಣುಕು ಇಲ್ಲಿದೆ. ಬಂದವರ ಗುರುತು ಹತ್ತದಂತೆ ವಿವರ ಬದಲಿಸಿದ್ದೇನೆ.

ಅವರು: "ಅತ್ತೆ ಹೋದ ಮೇಲೆ ಮನೆಯಲ್ಲಿ ಯಾರೂ ಮಾತಾಡ್ತಿಲ್ಲ ಮೇಡಂ. ಕುಕ್ಕರ್ ಕೂಗಿದ್ರೂ ಬೆಚ್ಚಿಬೀಳ್ತೀನಿ."

ನಾನು: "ಅದರಿಂದ ನಿಮಗೆ ಯಾವ ಭಾವನೆ ಉಂಟಾಗುತ್ತೆ?"

ಅವರು: "ಏನಾಗುತ್ತೆ ಮೇಡಂ... ಹಂಗೇ."

ನನ್ನ ಮೇಲ್ವಿಚಾರಕಿ ಆ ಪ್ರಶ್ನೆಯ ಕೆಳಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು, "ಇದು ಯಾರ ಭಾಷೆ?" ಎಂದು ಬರೆದಿದ್ದರು. ನಾನು ಪಠ್ಯಪುಸ್ತಕದ ಇಂಗ್ಲಿಷ್ ಪ್ರಶ್ನೆಗೆ ಕನ್ನಡದ ಬಟ್ಟೆ ತೊಡಿಸಿದ್ದೆ. ಆ ಹೆಂಗಸು ಆಗಲೇ ಎಲ್ಲವನ್ನೂ ಹೇಳಿದ್ದರು. ಕುಕ್ಕರ್ ಕೂಗಿದರೂ ಬೆಚ್ಚಿಬೀಳುವಷ್ಟು ನಿಶ್ಶಬ್ದ ಆ ಮನೆಯಲ್ಲಿದೆ. ನಾನು "ಅಷ್ಟು ಸದ್ದಿಲ್ಲ ಮನೆಯಲ್ಲಿ" ಎಂದಷ್ಟೇ ಅಂದು ಸುಮ್ಮನಿದ್ದಿದ್ದರೆ ಸಾಕಿತ್ತು. ಮುಂದಿನ ವಾರ ಹಾಗೆಯೇ ಮಾಡಿದೆ. ಅವರು ಅತ್ತೆ ಬೆಳಿಗ್ಗೆ ಐದಕ್ಕೆ ಎದ್ದು ರೇಡಿಯೋ ಹಾಕುತ್ತಿದ್ದ ಮಾತು ತೆಗೆದರು, ಆಮೇಲೆ ಅರ್ಧ ಗಂಟೆ ಅತ್ತರು.

ನಮ್ಮವರು ದುಃಖವನ್ನು ಮೈಮೇಲೆ ಇಟ್ಟು ಹೇಳುತ್ತಾರೆ. ಎದೆ ಹೊಡ್ಕೊಳ್ಳುತ್ತೆ, ತಲೆ ಭಾರ, ಹೊಟ್ಟೆಯೊಳಗೆ ಸಂಕಟ, ಕೈಕಾಲು ಸೋತುಹೋಗಿದೆ. ಆದ್ದರಿಂದ ಊಟ ಸೇರುತ್ತಾ, ನಿದ್ದೆ ಎಷ್ಟು ಹೊತ್ತಿಗೆ ಹತ್ತುತ್ತೆ, ಎಚ್ಚರವಾದರೆ ಏನು ಮಾಡ್ತೀರಿ ಎಂದು ಕೇಳಿ. ಮಾತು ತಾನಾಗಿ ಬಿಚ್ಚಿಕೊಳ್ಳುತ್ತದೆ. ಒಂದು ನೋಟ್‌ಬುಕ್ ಇಟ್ಟುಕೊಂಡು ಪದಗಳನ್ನು ಬರೆದಿಡುವ ಅಭ್ಯಾಸ ಮಾಡಿಕೊಳ್ಳಿ. ನನ್ನದರಲ್ಲಿ ಬೇಜಾರು ಒಂದಕ್ಕೇ ಎರಡು ಪುಟ ಇದೆ: ಬೋರಾಗುವುದೂ ಬೇಜಾರೇ, ಮನಸ್ಸಿಗೆ ನೋವಾಗುವುದೂ ಬೇಜಾರೇ, ಬದುಕೇ ಬೇಡ ಅನಿಸುವುದೂ ಬೇಜಾರೇ. ಯಾವುದು ಎಂದು ಕೇಳಿಯೇ ತಿಳಿಯಬೇಕು. ಬೆಂಗಳೂರಿಗೆ ಎಲ್ಲ ಕಡೆಯವರೂ ಬಂದಿದ್ದಾರಲ್ಲ. ಕರಾವಳಿಯವರು "ಮಂಡೆಬಿಸಿ" ಅಂದಾಗ ಜ್ವರ ಎಂದುಕೊಳ್ಳಬಾರದು. ಧಾರವಾಡದ ಕಡೆಯವರು "ಜೀವಾ ಬ್ಯಾಸರಾಗೇತ್ರಿ" ಅಂದಾಗ ಅದು ಬರೀ ಬೇಸರವೋ ಅದಕ್ಕಿಂತ ಆಳವೋ ಎಂದು ಅಲ್ಲೇ ನಿಂತು ವಿಚಾರಿಸಬೇಕು. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ದಶಕಗಳಿಂದ ಮನಸ್ಸಿನ ವಿಚಾರವನ್ನು ತಿಳಿಗನ್ನಡದಲ್ಲಿ ಬರೆಯುತ್ತಾ ಬಂದಿದ್ದಾರೆ. ಪಾರಿಭಾಷಿಕ ಪದವಿಲ್ಲದೆ ಹೇಗೆ ವಿವರಿಸಬಹುದು ಎಂಬುದಕ್ಕೆ ಅವರ ಬರಹ ಓದಬೇಕು.

ಮೊದಲ ದಿನ ಬಾಯಿಬಿಟ್ಟು ಹೇಳಬೇಕಾದದ್ದು

ಗುಟ್ಟಿನ ಮಾತನ್ನು ಮೊದಲ ಹತ್ತು ನಿಮಿಷದಲ್ಲೇ ಹೇಳಿ ಮುಗಿಸಿ. ನಾನು ಹೇಳುವುದು ಹೀಗೆ: "ನೀವಿಲ್ಲಿ ಹೇಳಿದ್ದು ಈ ಕೋಣೆ ದಾಟಿ ಹೋಗಲ್ಲ. ಮೂರು ಸಂದರ್ಭ ಬಿಟ್ಟು. ನಿಮ್ಮ ಜೀವಕ್ಕೆ ಅಪಾಯ ಇದೆ ಅನ್ನಿಸಿದರೆ, ನಿಮ್ಮಿಂದ ಬೇರೆಯವರ ಜೀವಕ್ಕೆ ಅಪಾಯ ಇದ್ದರೆ, ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ. ಆಗಲೂ ನಿಮಗೆ ಹೇಳಿಯೇ ಮುಂದಿನ ಹೆಜ್ಜೆ ಇಡ್ತೀನಿ."

ಮೂರನೆಯದು ಕಾನೂನಿನ ಕಟ್ಟಳೆ. 2012ರ ಪೋಕ್ಸೋ ಕಾಯ್ದೆಯ 19ನೇ ಕಲಮಿನ ಪ್ರಕಾರ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಅದೂ ಅಪರಾಧ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮಾನಸಿಕ ಕಾಯಿಲೆ ಇರುವವರ ಮಾಹಿತಿ ಗುಟ್ಟಾಗಿರುವುದನ್ನು ಅವರ ಹಕ್ಕೆಂದೇ ಹೇಳುತ್ತದೆ. ಎರಡನ್ನೂ ನಿಮ್ಮ ಮಾತಿನಲ್ಲಿ ಹೇಳಲು ಬರಬೇಕು.

ಇದರಲ್ಲಿ ನಾನು ಎಡವಿದ್ದೇನೆ. ಎರಡನೇ ಪಿಯುಸಿ ಓದುತ್ತಿದ್ದ ಹುಡುಗ, ಸೈನ್ಸ್ ಬೇಡವೇ ಬೇಡ ಎಂದು ನನ್ನ ಮುಂದೆ ಹೇಳಿದ್ದ. ಬಾಗಿಲ ಹೊರಗೆ ಅವನ ತಾಯಿ ನನ್ನ ಎರಡೂ ಕೈ ಹಿಡಿದು, "ಏನಂದ ಮೇಡಂ, ಹೆತ್ತ ಕರುಳು, ಒಂದೇ ಒಂದು ಮಾತು ಹೇಳಿ" ಎಂದರು. ನಾನು ಒಂದೇ ಒಂದು ಮಾತು ಹೇಳಿದೆ. ಹುಡುಗ ಮತ್ತೆ ಬರಲಿಲ್ಲ. ಅಂದಿನಿಂದ ತಂದೆತಾಯಿ, ಮಕ್ಕಳು ಎಲ್ಲರನ್ನೂ ಒಟ್ಟಿಗೆ ಕೂರಿಸಿಕೊಂಡು ಏನನ್ನು ಹೇಳುತ್ತೇನೆ, ಏನನ್ನು ಹೇಳುವುದಿಲ್ಲ ಎಂದು ಮೊದಲೇ ಒಪ್ಪಿಸಿಕೊಳ್ಳುತ್ತೇನೆ. ತಾಯಿ ಹೊರಗೆ ಕೇಳಿದರೆ, "ಬನ್ನಿ, ಅವನ ಮುಂದೇನೇ ಕೇಳೋಣ" ಎನ್ನುತ್ತೇನೆ.

ಜೀವ ಕಳೆದುಕೊಳ್ಳುವ ಯೋಚನೆ ಇದೆಯೇನೋ ಎಂಬ ಅನುಮಾನ ಬಂದರೆ ಸುತ್ತಿಬಳಸದೆ ಕೇಳಿ: "ಸಾಯಬೇಕು ಅಂತ ಅನಿಸುತ್ತಾ?" ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಭಯ ಬೇಡ. ಯಾರೋ ಕೊನೆಗೂ ಕೇಳಿದರಲ್ಲ ಎಂದು ಉಸಿರು ಬಿಟ್ಟವರನ್ನೇ ನಾನು ಹೆಚ್ಚು ಕಂಡಿದ್ದೇನೆ. ಹೌದು ಎಂದರೆ ಅವರನ್ನು ಒಬ್ಬರೇ ಕಳಿಸಬಾರದು. ಅವರು ನಂಬುವ ಒಬ್ಬರನ್ನು ಕರೆಸಿ, ಅಪಾಯ ತರುವ ವಸ್ತುಗಳು ಮನೆಯಲ್ಲಿ ಕೈಗೆ ಸಿಗದಂತೆ ಮಾಡಿಸಿ, ಆಸ್ಪತ್ರೆಗೆ ದಾರಿ ಮಾಡಿಕೊಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416 ಸಂಖ್ಯೆಯನ್ನು ಅವರ ಫೋನಿನಲ್ಲಿ ನಿಮ್ಮ ಮುಂದೆಯೇ ಸೇವ್ ಮಾಡಿಸಿ. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಉಚಿತ ಸೇವೆ ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಪೊಲೀಸ್ ಕೇಸಾಗುತ್ತದೆ ಎಂದು ಹೆದರಿ ಮನೆಯವರು ಆಸ್ಪತ್ರೆ ಬೇಡ ಎನ್ನುವುದುಂಟು. 2017ರ ಅದೇ ಕಾಯ್ದೆಯ 115ನೇ ಕಲಂ, ಜೀವ ಕಳೆದುಕೊಳ್ಳಲು ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ವಿಚಾರಣೆ ಶಿಕ್ಷೆಗೆ ಗುರಿಮಾಡಬಾರದು ಎನ್ನುತ್ತದೆ. ಅದನ್ನು ಅವರಿಗೆ ತಿಳಿಸಿ ಹೇಳಿ.

ಅಕ್ಕ ಎಂದು ಕರೆದಾಗ

ಮೂರನೇ ಭೇಟಿಗೆ ಬರುವಷ್ಟರಲ್ಲಿ ಮೇಡಂ ಹೋಗಿ ಅಕ್ಕ ಆಗಿರುತ್ತೀರಿ. ಕಡಲೆಕಾಯಿ ಪರಿಷೆ ಬಂದರೆ ಬಸವನಗುಡಿಯವರು ಒಂದು ಪೊಟ್ಟಣ ಕಡಲೆಕಾಯಿ ತರುತ್ತಾರೆ, ಧರ್ಮಸ್ಥಳಕ್ಕೆ ಹೋದವರು ಪ್ರಸಾದ ತರುತ್ತಾರೆ, ಗೃಹಪ್ರವೇಶದ ಕಾರ್ಡಿನ ಮೇಲೆ ಅರಿಶಿನ ಕುಂಕುಮ ಹಚ್ಚಿಕೊಂಡು ಬರುತ್ತಾರೆ. ಇಂಗ್ಲಿಷ್ ಪುಸ್ತಕಗಳು ಉಡುಗೊರೆಯ ಬಗ್ಗೆ ಬಹಳ ಕಟ್ಟುನಿಟ್ಟು. ಪ್ರಸಾದವನ್ನು ಬೇಡ ಎಂದರೆ ನಮ್ಮಲ್ಲಿ ಅದು ಅವಮಾನ. ನಾನು ಪ್ರಸಾದ, ಕಡಲೆಕಾಯಿ ತೆಗೆದುಕೊಳ್ಳುತ್ತೇನೆ. ಸೀರೆ, ದುಡ್ಡು, ಬೆಲೆಬಾಳುವುದು ಯಾವುದನ್ನೂ ಮುಟ್ಟುವುದಿಲ್ಲ. ಗೃಹಪ್ರವೇಶಕ್ಕೆ ಹೋಗುವುದಿಲ್ಲ. "ಅಲ್ಲಿ ನಾನು ಯಾರು ಅಂತ ನಿಮ್ಮ ನೆಂಟರು ಕೇಳ್ತಾರೆ, ನಿಮಗೆ ಇಕ್ಕಟ್ಟಾಗುತ್ತೆ" ಎಂದರೆ ಅರ್ಥಮಾಡಿಕೊಳ್ಳುತ್ತಾರೆ. ಅಕ್ಕ ಎಂದು ಕರೆಯಲಿ, ತೊಂದರೆಯಿಲ್ಲ. ರಾತ್ರಿ ಹನ್ನೊಂದಕ್ಕೂ ಅವರು ಫೋನ್ ಮಾಡಬಹುದಾದ ಅಕ್ಕ ನೀವಾಗಬಾರದು, ಅದಕ್ಕೆ ನಿಮ್ಮ ಹೊತ್ತು ಯಾವುದೆಂದು ಮೊದಲ ದಿನವೇ ತಿಳಿಸಿರಬೇಕು.

ಕೆಲಸ ಎಲ್ಲಿ ಸಿಗುತ್ತದೆ

ಶಾಲಾಕಾಲೇಜುಗಳಲ್ಲಿ ಬೇಡಿಕೆ ಹೆಚ್ಚುತ್ತಿದೆ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ನೀಡಿದ ಮಾರ್ಗಸೂಚಿಯಲ್ಲಿ 100 ಅಥವಾ ಅದಕ್ಕೂ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಅರ್ಹ ಆಪ್ತಸಮಾಲೋಚಕರನ್ನೋ ಮನಃಶಾಸ್ತ್ರಜ್ಞರನ್ನೋ ಸಮಾಜಕಾರ್ಯಕರ್ತರನ್ನೋ ನೇಮಿಸಿಕೊಳ್ಳಬೇಕು ಎಂದಿದೆ. ಸೇರುವ ಮುಂಚೆ ಒಂದೇ ಒಂದನ್ನು ಗಟ್ಟಿಮಾಡಿಕೊಳ್ಳಿ: ಬಾಗಿಲು ಹಾಕಿಕೊಳ್ಳಬಹುದಾದ ಕೋಣೆ ಕೊಡುತ್ತೀರಾ? ಸ್ಟಾಫ್‌ರೂಮಿನ ಮೂಲೆಯಲ್ಲಿ ಟೇಬಲ್ ಹಾಕಿ, ಟೀಚರ್ ರಜೆ ಹಾಕಿದ ದಿನ ಆ ತರಗತಿಗೂ ಹೋಗಿ ಎಂದರೆ ಅಲ್ಲಿ ಮಕ್ಕಳು ನಿಮ್ಮ ಬಳಿ ಬರುವುದಿಲ್ಲ.

ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ ಕೌಟುಂಬಿಕ ನ್ಯಾಯಾಲಯವಿದೆ. 1984ರ ಕಾಯ್ದೆಯೇ ಅಲ್ಲಿ ಆಪ್ತಸಮಾಲೋಚಕರಿಗೆ ಜಾಗ ಮಾಡಿಕೊಟ್ಟಿದೆ. ಪೊಲೀಸ್ ಆಯುಕ್ತರ ಕಚೇರಿಯ ವನಿತಾ ಸಹಾಯವಾಣಿ, ಸರ್ಕಾರಿ ಆಸ್ಪತ್ರೆಗಳ ಎಚ್‌ಐವಿ ಪರೀಕ್ಷಾ ಕೇಂದ್ರಗಳು, ವ್ಯಸನಮುಕ್ತಿ ಕೇಂದ್ರಗಳು, ಕರುಣಾಶ್ರಯದಂಥ ಕ್ಯಾನ್ಸರ್ ಆರೈಕೆಯ ತಾಣಗಳು, ಐಟಿ ಕಂಪನಿಗಳ ಉದ್ಯೋಗಿ ನೆರವು ಯೋಜನೆಗಳು, ಹೀಗೆ ಬೇರೆ ಕಡೆಗಳೂ ಇವೆ. ಆರಂಭದ ಸಂಬಳ ಕಡಿಮೆ, ಗುತ್ತಿಗೆ ಕೆಲಸವೇ ಜಾಸ್ತಿ. ಇಷ್ಟು ಓದಿದವರಿಗೆ ಇಷ್ಟೇ ಕೊಡುವುದು ಸರಿಯಲ್ಲ ಎಂದು ನಾನು ಹೋದಲ್ಲೆಲ್ಲ ಹೇಳುತ್ತೇನೆ. ಮೊದಲ ಎರಡು ಮೂರು ವರ್ಷ ಇಂಥ ಕಡೆ ದುಡಿಯಿರಿ, ಕೂಡಲೇ ಸ್ವಂತ ಬೋರ್ಡು ಬೇಡ. ಒಬ್ಬರೇ ಕೂತರೆ ತಪ್ಪು ತೋರಿಸುವವರು ಇರುವುದಿಲ್ಲ.

ಫೋನಿನ ಸಮಾಲೋಚನೆಗೆ ಪ್ರತ್ಯೇಕ ಅಭ್ಯಾಸ ಬೇಕು. ಬೆಂಗಳೂರಿನ ಒಂದು ಬೆಡ್‌ರೂಮಿನ ಮನೆಯಲ್ಲಿ ಅತ್ತೆ, ಮಾವ, ಮಕ್ಕಳ ನಡುವೆ ಒಬ್ಬ ಹೆಣ್ಣುಮಗಳು ಎಲ್ಲಿ ಕೂತು ಅಳಬೇಕು? ಟೆರೇಸಿನ ನೀರಿನ ಟ್ಯಾಂಕಿನ ಹಿಂದೆ, ಪಾರ್ಕಿಂಗ್‌ನಲ್ಲಿ ನಿಲ್ಲಿಸಿದ ಸ್ಕೂಟಿಯ ಮೇಲೆ, ಪಾರ್ಕಿನ ಬೆಂಚಿನಲ್ಲಿ ಕೂತು ಮಾತಾಡುತ್ತಾರೆ. ಕರೆ ಶುರುವಾದ ಕೂಡಲೇ "ಈಗ ಅನುಕೂಲವಾಗಿದೆಯಾ? ಹೌದು, ಇಲ್ಲ ಅಂದರೆ ಸಾಕು" ಎಂದು ಕೇಳಿ. ಯಾರಾದರೂ ಹತ್ತಿರ ಬಂದರೆ ಹೇಳಲು ಒಂದು ಮಾತನ್ನು ಮೊದಲೇ ಗೊತ್ತು ಮಾಡಿಕೊಳ್ಳಿ. ನನ್ನ ಜೊತೆ ಮಾತಾಡುವ ಒಬ್ಬರು "ಗ್ಯಾಸ್ ಬುಕ್ ಆಯ್ತಲ್ಲ, ಸರಿ" ಎನ್ನುತ್ತಾರೆ. ನಾನು ತಕ್ಷಣ ಫೋನ್ ಇಡುತ್ತೇನೆ, ಅವರೇ ಮತ್ತೆ ಮಾಡುವವರೆಗೆ ಮಾಡುವುದಿಲ್ಲ.

ಮೇಲ್ವಿಚಾರಣೆ ಮತ್ತು ನಿಮ್ಮ ಸ್ವಂತ ಜೀವ

ಎಷ್ಟೇ ವರ್ಷದ ಅನುಭವ ಇರಲಿ, ತಿಂಗಳಿಗೆ ಎರಡು ಸಲವಾದರೂ ಮೇಲ್ವಿಚಾರಕರ ಮುಂದೆ ನಿಮ್ಮ ಕೇಸುಗಳನ್ನು ಇಡಿ. ದುಡ್ಡು ಕೊಡಬೇಕಾದರೆ ಕೊಡಿ. ಯಾವ ಕೇಸಿನ ಬಗ್ಗೆ ಮಾತಾಡಲು ಮನಸ್ಸಿಲ್ಲವೋ ಅದನ್ನೇ ಮೊದಲು ತೆಗೆಯಿರಿ.

ದಿನಕ್ಕೆ ಇಷ್ಟೇ ಜನ ಎಂದು ಮಿತಿ ಹಾಕಿಕೊಳ್ಳಿ. ನನ್ನ ಮಿತಿ ಐದು. ಆರನೆಯವರ ಮಾತು ಕೇಳುವಾಗ ಎರಡನೆಯವರ ಗಂಡನ ಹೆಸರು ಬಾಯಿಗೆ ಬಂದ ದಿನ ಅದನ್ನು ನಿಗದಿ ಮಾಡಿಕೊಂಡೆ. ಇಬ್ಬರ ನಡುವೆ ಹತ್ತು ನಿಮಿಷ ಬಿಡುವಿರಲಿ. ಎದ್ದು ಮುಖ ತೊಳೆದು, ಕಿಟಕಿ ತೆರೆದು, ಅವರು ಕೂತಿದ್ದ ಕುರ್ಚಿಯ ದಿಂಬನ್ನು ಸರಿಮಾಡಿ. ಆಮೇಲೆ ನಾಲ್ಕು ಸಾಲು ಬರೆಯಿರಿ: ಇವತ್ತು ಅವರು ಏನು ತಂದರು, ಎಲ್ಲಿ ನಿಂತೆವು, ಅಪಾಯದ ಸೂಚನೆ ಇತ್ತೇ, ಮುಂದಿನ ವಾರ ಏನನ್ನು ಕೇಳಲು ಮರೆಯಬಾರದು. ಹೆಸರಿನ ಬದಲು ಸಂಖ್ಯೆ ಹಾಕಿ, ಬೀಗವಿರುವ ಬೀರುವಿನಲ್ಲಿಟ್ಟು, ಬೀಗದ ಕೈ ನಿಮ್ಮ ಬಳಿಯೇ ಇಟ್ಟುಕೊಂಡು, ಮುಂದಿನವರಿಗೆ ಬಾಗಿಲು ತೆರೆಯಿರಿ.